ಸೊಳ್ಳೆ ಡಾಕ್ಟ್ರು ಸರ್ಕಾರಕ್ಕೆ ಸಲಹೆ ಕೊಟ್ಟದ್ದು

ಸುಳ್ಳು ಹೇಳಿ ಸಿಕ್ಕಿಹಾಕಿಕೊಳ್ಳುವುದು ಲೋಕರೂಢಿ. ನಿಜವನ್ನೇ ಹೇಳಿ ಸಿಕ್ಕಿಹಾಕಿಕೊಳ್ಳಬೇಕಾದರೆ ಸ್ವಲ್ಪ ವಿದ್ಯೆ ಬೇಕು. ನಮ್ಮ ಬೀದಿಯ ಸೊಳ್ಳೆ ಡಾಕ್ಟ್ರಿಗೆ ಆ ವಿದ್ಯೆ ಬೇಕಾದಷ್ಟಿತ್ತು.

ಡಾಕ್ಟ್ರಿಗೆ ಮೂವತ್ತೊಂದು ವರ್ಷ. ಸೊಳ್ಳೆಗಳು ಎಲ್ಲೆಲ್ಲಿ ಮೊಟ್ಟೆ ಇಡುತ್ತವೆ ಎಂಬುದರ ಮೇಲೆ ಐದು ವರ್ಷ ಕಣ್ಣು ಸವೆಸಿ ಡಾಕ್ಟರೇಟ್ ತೆಗೆದುಕೊಂಡಿದ್ದರು. ಆಮೇಲೆ ಅದೇ ಪ್ರಯೋಗಾಲಯದಲ್ಲಿ, ಅದೇ ಕಾಲು ಅಲ್ಲಾಡುವ ಕುರ್ಚಿಯಲ್ಲಿ, ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಹಂಗಾಮಿ ಕೆಲಸ. ಬೀದಿಗೆ ಬಂದ ಹೊಸದರಲ್ಲಿ ಬಾಗಿಲ ಫಲಕದಲ್ಲಿ 'ಡಾ.' ಎಂದು ನೋಡಿ ಎದುರು ಮನೆಯ ನಿವೃತ್ತ ಹೆಡ್ಮಿಸ್ಸು ಮೊಣಕಾಲು ತೋರಿಸಲು ಬಂದಿದ್ದರು. ವಿಷಯ ತಿಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಸೊಳ್ಳೆಗಾ ಡಾಕ್ಟ್ರು? ಅವಕ್ಕೇನಪ್ಪಾ ಬಂದಿದೆ ಕಾಯಿಲೆ?"

ಈ ಪ್ರಶ್ನೆಗಿಂತ ಕಷ್ಟದ್ದು ಮಾವನ ಪ್ರಶ್ನೆ. ಮಾವ ನೋಂದಣಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕೂತು ಎದ್ದವರು. ಪ್ರತಿ ಭಾನುವಾರ ಮಗಳ ಮನೆಗೆ ಬಂದು, ಟೀ ಲೋಟ ಕೈಗೆ ಬಂದ ಕೂಡಲೇ, "ಅಳಿಯಂದ್ರೇ, ಈ ವರ್ಷವಾದ್ರೂ ಖಾಯಂ ಆಗುತ್ತೋ?" ಎನ್ನುತ್ತಿದ್ದರು. ಡಾಕ್ಟ್ರು "ನೋಡಬೇಕು ಮಾವ" ಎನ್ನುತ್ತಿದ್ದರು. ನೂರಾರು ಭಾನುವಾರ ಹೀಗೆ ನೋಡಿ ನೋಡಿ ಸಾಕಾಗಿ, ಒಂದು ಭಾನುವಾರ ಅವರ ಬಾಯಿಂದ ಬೇರೆಯೇ ಉತ್ತರ ಬಂತು.

"ಖಾಯಂ ವಿಷಯ ಹಾಗಿರಲಿ ಮಾವ. ನಾನೀಗ ಸರ್ಕಾರಕ್ಕೆ ಸಲಹೆ ಕೊಡ್ತಿದ್ದೀನಿ."

ಮಾವನ ಲೋಟ ತುಟಿಯ ಹತ್ತಿರವೇ ನಿಂತಿತು.

ಈ ಮಾತಿನಲ್ಲಿ ಸುಳ್ಳು ಎಳ್ಳಷ್ಟೂ ಇರಲಿಲ್ಲ. ನಗರಸಭೆ ಸೊಳ್ಳೆ ನಿಯಂತ್ರಣಕ್ಕೆ ಒಂದು ಕರಡು ನಿಯಮ ಮಾಡಿತ್ತು. ಅದರ ಏಳನೇ ಕಲಂ ಹೀಗಿತ್ತು: "ನಗರದ ಎಲ್ಲ ಬೀದಿಗಳಲ್ಲಿ ವಾರಕ್ಕೊಮ್ಮೆ ಕಡ್ಡಾಯವಾಗಿ ಹೊಗೆ ಹಾಕತಕ್ಕದ್ದು." ಸಾರ್ವಜನಿಕರು ಆಕ್ಷೇಪಣೆ, ಸಲಹೆಗಳಿದ್ದರೆ ತಿಂಗಳೊಳಗೆ ಸಲ್ಲಿಸಬಹುದು ಎಂದು ಪತ್ರಿಕೆಯ ಮೂಲೆಯಲ್ಲಿ ಪ್ರಕಟಣೆ ಬಂದಿತ್ತು. ಬೀದಿಗೆ ಹಾಕುವ ಹೊಗೆ ಮನೆಯೊಳಗೆ ನಿಂತ ನೀರಿನಲ್ಲಿರುವ ಮರಿಗಳನ್ನು ಮುಟ್ಟುವುದೇ ಇಲ್ಲ ಎಂದು ಡಾಕ್ಟ್ರು ಹನ್ನೆರಡು ಪುಟ ಬರೆದು, ಅರವತ್ತಮೂರು ಗ್ರಂಥಗಳ ಉಲ್ಲೇಖ ಹಚ್ಚಿ, ಕಚೇರಿಗೆ ಕೊಟ್ಟು ಬಂದಿದ್ದರು. ನಗರಸಭೆ ಸರ್ಕಾರವೇ ತಾನೆ? ಹನ್ನೆರಡು ಪುಟ ಸಲಹೆಯೇ ತಾನೆ? ಆ ಸಲಹೆಯನ್ನು ಊರಿನ ಎರಡು ಲಕ್ಷ ಜನರಿಂದಲೂ ಕೇಳಲಾಗಿತ್ತು ಎಂಬ ಒಂದು ಸಣ್ಣ ವಿವರ ಮಾತ್ರ ಮಾವನ ಮುಖ ಅರಳಿದ್ದನ್ನು ನೋಡುತ್ತ ನೋಡುತ್ತ ಗಂಟಲಲ್ಲೇ ಉಳಿಯಿತು.

ಪ್ರಯೋಗಾಲಯದ ಪ್ರೊಫೆಸರರಿಗಂತೂ ಈ ಹನ್ನೆರಡು ಪುಟ ಹಿಡಿಸಿರಲಿಲ್ಲ. "ಮೊದಲು ಪೇಪರ್ ಪ್ರಕಟ ಆಗಲಿ. ಊರು ಉದ್ಧಾರ ಮಾಡೋದು ಆಮೇಲೆ. ಅದಕ್ಕೆಲ್ಲ ನಮ್ಮಂಥ ತಲೆ ನರೆತೋರು ಇದ್ದೀವಿ" ಎಂದಿದ್ದರು. ಅವರ ತಲೆ ನರೆತು ಹದಿನೈದು ವರ್ಷವಾಗಿತ್ತು.

ಅಂದು ಸಂಜೆ ಮಾವ ಪಾರ್ಕಿನಲ್ಲಿ ಗೆಳೆಯರ ಜೊತೆ ನಡೆದರು. ಮೊದಲ ಸುತ್ತಿನಲ್ಲಿ ಅಳಿಯ ಸಲಹೆ ಕೊಡುತ್ತಿದ್ದ. ಎರಡನೇ ಸುತ್ತಿಗೆ ಸಲಹೆಗಾರನಾದ. ಮೂರನೆಯದಕ್ಕೆ ಮುಖ್ಯ ಸಲಹೆಗಾರ. ಗೇಟು ದಾಟಿ ಹೊರಬರುವಷ್ಟರಲ್ಲಿ "ಮೇಲಿಂದಲೇ ನೇಮಕ ಆಗಿದೆಯಂತೆ, ಹೊರಗೆ ಹೇಳೋ ಹಾಗಿಲ್ಲವಂತೆ" ಎಂಬಲ್ಲಿಗೆ ಮುಟ್ಟಿತ್ತು. ಹೊರಗೆ ಹೇಳೋ ಹಾಗಿಲ್ಲದ ಸಂಗತಿ ಮರುದಿನ ಬೆಳಿಗ್ಗೆ ಹಾಲು ಬರುವ ಮುಂಚೆ ನಮ್ಮ ಬೀದಿಗೆ ಬಂತು.

ಮೊದಲು ಮಹಡಿಯ ಮನೆ ಮಾಲೀಕರು ಇಳಿದು ಬಂದರು. ಮೋರಿಯ ಮೇಲೆ ಚಪ್ಪಡಿ ಹಾಕಿಸಬೇಕಂತೆ. ಹೆಡ್ಮಿಸ್ಸು ಬೀದಿ ದೀಪದ ಅರ್ಜಿ ಹಿಡಿದು ಬಂದರು. "ನನ್ನ ಕೈಲಿ ಏನೂ ಇಲ್ಲ" ಎಂದು ಡಾಕ್ಟ್ರು ಕೈ ಮುಗಿದರೆ, "ದೊಡ್ಡೋರ ಮಾತೇ ಹೀಗೆ" ಎಂದು ಅವರೂ ಕೈ ಮುಗಿದರು. ಕೊನೆಗೆ ಬಂದವನು ಮೂಲೆ ಅಂಗಡಿಯ ದರ್ಜಿ, ಕುತ್ತಿಗೆಯಲ್ಲಿ ಟೇಪು ನೇತಾಡುತ್ತಲೇ ಇತ್ತು.

"ಸಾರ್, ನಮ್ಮ ಕಡೆಗೆ ಹೊಗೆ ಗಾಡೀನೇ ಬರ್ತಿಲ್ಲ. ಒಂದು ಮಾತು ಹೇಳಿ."

"ಹೊಗೆಯಿಂದ ಅಷ್ಟೇನು ಉಪಯೋಗ ಇಲ್ಲ ಕಣ್ರೀ. ಸೊಳ್ಳೆ ಹುಟ್ಟೋದು ಮನೆಯೊಳಗಿನ ನೀರಲ್ಲಿ."

ದರ್ಜಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ಹೋದ ವರ್ಷ ನನ್ನ ಹೆಂಡ್ತಿ ಹದಿನೆಂಟು ದಿನ ಆಸ್ಪತ್ರೇಲಿದ್ಲು ಸಾರ್. ಅದೇ ಸೊಳ್ಳೆ ಜ್ವರ. ದಿನಾ ರಕ್ತ ತೆಗೀತಿದ್ರು, ದಿನಾ ಪ್ಲೇಟ್‌ಲೆಟ್ ಇನ್ನೂ ಇಳೀತು ಅಂತಿದ್ರು. ನಿಮ್ಮ ಲೆಕ್ಕದಲ್ಲಿ ಉಪಯೋಗ ಇಲ್ದೆ ಇರಬಹುದು. ಹೊಗೆ ಬಂದ ದಿನ ನಾನು ನಿದ್ದೆ ಮಾಡ್ತೀನಿ."

ಡಾಕ್ಟ್ರು ಸುಮ್ಮನೆ ತಲೆ ಅಲ್ಲಾಡಿಸಿದರು. ಆ ತಲೆ ಅಲ್ಲಾಡಿಸಿದ್ದನ್ನು ದರ್ಜಿ 'ಆಗಲಿ' ಎಂದು ತಿಳಿದುಕೊಂಡ.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಬೀದಿಯ ತುದಿಯಲ್ಲಿ ಲಾರಿಯೊಂದು ಕೆಮ್ಮಿದಂಥ ಸದ್ದಾಯಿತು. ಕಿಟಕಿ ತೆರೆದ ಡಾಕ್ಟ್ರಿಗೆ ಎದುರು ಮನೆ ಕಾಣಲಿಲ್ಲ. ಬಿಳಿ ಹೊಗೆಯ ನಡುವಿನಿಂದ, ಮೂಗಿಗೆ ಬಟ್ಟೆ ಕಟ್ಟಿ ಹೆಗಲಿಗೆ ಯಂತ್ರ ತಗುಲಿಸಿಕೊಂಡ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಪ್ರತ್ಯಕ್ಷನಾಗಿ ಸಲಾಮು ಹೊಡೆದ.

"ಹೆಲ್ತ್ ಇನ್‌ಸ್ಪೆಕ್ಟರ್ ಸಾಹೇಬ್ರ ಆರ್ಡರ್ ಆಗಿದೆ ಸಾರ್. ನಿಮ್ಮ ಬೀದಿಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ."

"ದಿನಕ್ಕೆ ಎರಡು ಸಲಾನಾ!"

"ಸಾಲದಾ ಸಾರ್? ಮಧ್ಯಾಹ್ನಾನೂ ಬರ್ಲಾ?"

ನಾಲ್ಕನೇ ದಿನಕ್ಕೆ ಒಗೆದ ಬಟ್ಟೆಗಳೆಲ್ಲ ಡೀಸೆಲ್ ನಾತ ಹೊಡೆಯತೊಡಗಿದವು. ಶಾಲೆಯಲ್ಲಿ ಗಣಿತ ಹೇಳುವ ಹೆಂಡತಿ ಸೀರೆಯ ಸೆರಗು ಮೂಸಿ ಕೇಳಿದಳು. "ರೀ, ನನಗೊಂದು ಅನುಮಾನ. ನೀವು ಬರೆದದ್ದು ಹೊಗೆ ಬೇಡ ಅಂತಾನೋ, ಬೇಕು ಅಂತಾನೋ?"

ಇನ್ನು ತಡೆಯಲಾರದೆ ಡಾಕ್ಟ್ರು ಹೆಲ್ತ್ ಇನ್‌ಸ್ಪೆಕ್ಟರ್ ಕಚೇರಿಗೆ ಹೋದರು. ಅವರನ್ನು ನೋಡಿದ ಕೂಡಲೇ ಇನ್‌ಸ್ಪೆಕ್ಟರು ಎದ್ದು ನಿಂತು ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡರು.

"ನೋಡಿ, ಏನೋ ತಪ್ಪು ತಿಳುವಳಿಕೆ ಆಗಿದೆ. ನಾನು ಸಲಹೆಗಾರ ಅಲ್ಲ."

"ಗೊತ್ತು ಸಾರ್" ಎಂದು ಇನ್‌ಸ್ಪೆಕ್ಟರು ದನಿ ತಗ್ಗಿಸಿದರು. "ಅಧಿಕೃತವಾಗಿ ಅಲ್ಲ."

"ಅನಧಿಕೃತವಾಗೂ ಅಲ್ಲ!"

"ನಾನೆಲ್ಲೂ ಬಾಯಿ ಬಿಡಲ್ಲ ಸಾರ್."

"ಅಯ್ಯೋ, ನಾನು ಹೊಗೆಗೇ ವಿರುದ್ಧ ಇದ್ದೀನಿ ಕಣ್ರೀ!"

ಇನ್‌ಸ್ಪೆಕ್ಟರು ಒಂದು ನಿಮಿಷ ಯೋಚಿಸಿದರು. "ಅರ್ಥ ಆಯ್ತು ಸಾರ್. ಕ್ವಾಲಿಟಿ ಸಾಲದು. ನಾಳೆಯಿಂದ ದಟ್ಟವಾಗಿ ಹಾಕಿಸ್ತೀನಿ."

ದಟ್ಟವಾಗಿಯೇ ಹಾಕಿಸಿದರು. ಕೈಚೆಲ್ಲಿ ಕೂತ ಡಾಕ್ಟ್ರಿಗೆ ಒಂಬತ್ತನೇ ದಿನ ಮಾತ್ರ ಒಂದು ಯೋಚನೆ ಹೊಳೆಯಿತು. ಸೊಳ್ಳೆ ಮೊಟ್ಟೆ ಎಣಿಸಲು ಅವರು ನಮ್ಮ ಬೀದಿಯಲ್ಲೂ ಪಕ್ಕದ ಬೀದಿಯಲ್ಲೂ ನೀರು ತುಂಬಿದ ಕಪ್ಪು ಲೋಟಗಳನ್ನು ಕಾಂಪೌಂಡಿಗೆ ಕಟ್ಟಿ ತಿಂಗಳುಗಳೇ ಆಗಿದ್ದವು. ಪಕ್ಕದ ಬೀದಿಗೆ ಹೊಗೆ ಒಂದು ಸಲವೂ ಹೋಗಿಲ್ಲ. ನಮ್ಮದಕ್ಕೆ ಹನ್ನೆರಡು ದಿನ ಮುಗಿಯುವಷ್ಟರಲ್ಲಿ ಇಪ್ಪತ್ತನಾಲ್ಕು ಸಲ ಬಂತು. ಡಾಕ್ಟ್ರು ಲೋಟಗಳನ್ನೆಲ್ಲ ಇಳಿಸಿ ಭೂತಗನ್ನಡಿ ಹಿಡಿದು ಎಣಿಸಿದರು. ಆ ಹನ್ನೆರಡು ದಿನಕ್ಕೆ ಪಕ್ಕದ ಬೀದಿಯಲ್ಲಿ ನೂರ ತೊಂಬತ್ತೆಂಟು ಮೊಟ್ಟೆ. ನಮ್ಮ ಬೀದಿಯಲ್ಲಿ ಇನ್ನೂರ ಹನ್ನೆರಡು.

ಅವರು ಆ ಸಂತೋಷದಲ್ಲಿ ಇರುವಾಗಲೇ, ಭಾನುವಾರ ಬೆಳಿಗ್ಗೆ, ಇನ್‌ಸ್ಪೆಕ್ಟರು ಫೋಟೋದವನ ಸಮೇತ ಮನೆಗೆ ಬಂದರು. ಹಿಂದೆ ಮಾವ, ಅವರ ಹಿಂದೆ ಅರ್ಧ ಬೀದಿ. ಸಲಹೆಗಾರರ ಮನೆಯನ್ನೇ ನಗರದ ಮೊದಲ 'ಸೊಳ್ಳೆಮುಕ್ತ ಮಾದರಿ ಮನೆ' ಎಂದು ಘೋಷಿಸಿ ಬಾಗಿಲಿಗೆ ಹಸಿರು ಚೀಟಿ ಅಂಟಿಸುವುದು ಅವರ ಯೋಜನೆ. ಮಾವ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡೇ ಬಂದಿದ್ದರು.

"ಶಾಸ್ತ್ರಕ್ಕೆ ಒಂದು ಸಲ ಒಳಗೆ ನೋಡಿಬಿಡ್ತೀವಿ ಸಾರ್. ಫೋಟೋಗೆ" ಎಂದರು ಇನ್‌ಸ್ಪೆಕ್ಟರು. ಹೊಗೆ ಹಾಕುವವನು ಟಾರ್ಚು ಹಿಡಿದು ಒಳಗೆ ನಡೆದ. ನೀರಿನ ಡ್ರಮ್ಮು ಶುದ್ಧ. ಹೂಕುಂಡದ ತಟ್ಟೆ ಒಣಗಿತ್ತು. ಅವನು ಫ್ರಿಜ್ಜಿನ ಹಿಂದೆ ಬಗ್ಗಿ, ಹಿಂಬದಿಯ ನೀರು ಬೀಳುವ ತಟ್ಟೆಗೆ ಬೆಳಕು ಬಿಟ್ಟು, ಬಗ್ಗಿದವನು ಹಾಗೇ ಉಳಿದ.

"ಸಾರ್... ಇದ್ದಾವೆ."

"ಏನಿದ್ದಾವೆ?"

"ತುಂಬಾ ಇದ್ದಾವೆ ಸಾರ್."

ತಟ್ಟೆ ಹೊರಗೆ ಬಂತು. ಒಂದು ಬೆರಳು ಆಳದ ನೀರಿನಲ್ಲಿ ಮರಿಹುಳಗಳು ಕೊಂಕಿ ಕೊಂಕಿ ಕುಣಿಯುತ್ತಿದ್ದವು. ಇಪ್ಪತ್ತನಾಲ್ಕು ಸಲದ ಹೊಗೆಯ ಸುದ್ದಿಯೇ ಅವಕ್ಕೆ ಮುಟ್ಟಿದಂತಿರಲಿಲ್ಲ. ಅರ್ಧ ಬೀದಿ ಕತ್ತು ಚಾಚಿ ನೋಡಿತು. ಫೋಟೋದವನಿಗೆ ತೆಗೆಯಬೇಕೋ ಬಿಡಬೇಕೋ ತಿಳಿಯಲಿಲ್ಲ.

ಆಗ ಮಾವ ಒಂದು ಹೆಜ್ಜೆ ಮುಂದೆ ಬಂದರು. ಕಚೇರಿಯಲ್ಲಿ ಎಷ್ಟೋ ಗಂಡಾಂತರ ನೋಡಿದ ಜೀವ. "ಅದು ಸಾಕಿರೋದು" ಎಂದರು ಗಂಭೀರವಾಗಿ. "ಸಂಶೋಧನೆಗೆ."

ಎಲ್ಲರ ಮುಖವೂ ಒಮ್ಮೆಗೇ ಸಡಿಲವಾಯಿತು. ಹಾಗೋ! ಸಾಕಿರೋದೋ! ಇನ್‌ಸ್ಪೆಕ್ಟರು ಹಸಿರು ಚೀಟಿಯ ಹಿಂದಿನ ಕಾಗದ ಬಿಡಿಸತೊಡಗಿದರು. ಡಾಕ್ಟ್ರು "ಹೌದು" ಎಂಬ ಎರಡಕ್ಷರ ಹೇಳಿದ್ದರೆ ಮುಗಿಯುತ್ತಿತ್ತು. ಅವರು ಮಾವನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಬಾಗಿಲ ಹತ್ತಿರ ದರ್ಜಿ ತಟ್ಟೆಯನ್ನೇ ನೋಡುತ್ತಿದ್ದ. ಅವನ ಅಂಗಡಿಯ ಹಿಂದಿನ ಮನೆಯಲ್ಲೂ ಇಂಥದೇ ಫ್ರಿಜ್ಜಿದೆ.

"ಇಲ್ಲ ಮಾವ, ಸಾಕಿದ್ದಲ್ಲ. ತಾವಾಗಿ ಹುಟ್ಟಿರೋದು. ಈ ತಟ್ಟೆ ನೋಡೋದನ್ನ ನಾನೇ ಮರೆತಿದ್ದೆ" ಎಂದರು ಡಾಕ್ಟ್ರು. ಬಾಯಿ ತೆರೆದದ್ದಾಯಿತು, ಉಳಿದದ್ದೂ ಬರಲಿ ಎಂದು, ತಾನು ಯಾರ ಸಲಹೆಗಾರನೂ ಅಲ್ಲ, ಪತ್ರಿಕೆಯಲ್ಲಿ ಪ್ರಕಟಣೆ ನೋಡಿ ಎಲ್ಲರ ಹಾಗೆ ಒಂದು ಅರ್ಜಿ ಹಾಕಿದವನು ಎಂಬುದನ್ನೂ ಹೇಳಿಬಿಟ್ಟರು.

ಹಸಿರು ಚೀಟಿ ಮತ್ತೆ ಜೇಬು ಸೇರಿತು. ಇನ್‌ಸ್ಪೆಕ್ಟರು ಶರ್ಟಿನ ಮೇಲಿನ ಗುಂಡಿ ಬಿಚ್ಚಿಕೊಂಡರು. ಹೆಡ್ಮಿಸ್ಸು ಬೀದಿ ದೀಪದ ಅರ್ಜಿ ವಾಪಸ್ ಕೇಳಿದರು. ಮಾವ ಟೀ ಕುಡಿಯದೆ ಹೊರಟರು. ಸೋಮವಾರದಿಂದ ಹೊಗೆ ಬರಲಿಲ್ಲ.

ಒಂಟಿಯಾಗಿ ಉಳಿದ ಡಾಕ್ಟ್ರು ಮಾಡಿದ ಮೊದಲ ಕೆಲಸ ತಟ್ಟೆಯ ಮರಿಗಳನ್ನು ಎಣಿಸಿದ್ದು. ನಲವತ್ತೊಂದು. ಎರಡನೇ ಕೆಲಸ, ಬರೆದುಕೊಟ್ಟ ಹನ್ನೆರಡು ಪುಟ ವಾಪಸ್ ತರಲು ನಗರಸಭೆಗೆ ಹೋದದ್ದು. ಪ್ರೊಫೆಸರರ ಮಾತೇ ಸರಿ, ತನಗೆ ಈ ಉಸಾಬರಿ ಬೇಡ ಎನ್ನಿಸಿಬಿಟ್ಟಿತ್ತು.

ಟಪಾಲು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕನ್ನಡಕದ ಗುಮಾಸ್ತೆಯೊಬ್ಬರು ಕಾಗದಗಳ ಮೇಲೆ ಮುದ್ರೆ ಒತ್ತುತ್ತಿದ್ದರು.

"ಒಳಗೆ ಬಂದ ಕಾಗದ ಹೊರಗೆ ಹೋಗಲ್ಲ" ಎಂದರು ತಲೆ ಎತ್ತದೆ. ಆಮೇಲೆ ಎತ್ತಿ, "ಓ, ಹನ್ನೆರಡು ಪುಟದೋರು ನೀವೇನಾ? ನಾನು ಓದಿದೆ" ಎಂದರು.

"ಓದಿದ್ರಾ?" ಡಾಕ್ಟ್ರ ಪ್ರೌಢಪ್ರಬಂಧವನ್ನು ಅವರ ಹೆಂಡತಿಯೂ ಓದಿರಲಿಲ್ಲ.

"ಮೂರು ಸಲ ಓದಿದೆ. ನೀವು ಏನು ಮಾಡಿ ಅಂತೀರೋ ಮಾತ್ರ ಸಿಗಲಿಲ್ಲ. ಸೊಳ್ಳೆ ಹೊಟ್ಟೆಯ ಮೇಲೆ ಪಟ್ಟೆ ಎಷ್ಟು ಅಂತ ಇದೆ. ಹತ್ತನೇ ಪುಟದಲ್ಲಿ 'ಹೆಚ್ಚಿನ ಸಂಶೋಧನೆ ಅಗತ್ಯ' ಅಂತ ಇದೆ. ಅದನ್ನ ನಮ್ಮ ಸದಸ್ಯರು ಓದಿದ್ರೆ, ಸರಿ ಹಾಗಾದ್ರೆ ಸಂಶೋಧನೆ ಆಗೋ ತನಕ ಹೊಗೇನೇ ಇರಲಿ ಅಂತಾರೆ."

"ಮತ್ತೆ ಹೇಗೆ ಬರೀಬೇಕು ಮೇಡಂ?"

ಅವರು ಕರಡು ನಿಯಮದ ಪ್ರತಿ ತೆಗೆದು, ಏಳನೇ ಕಲಮಿನ ಮೇಲೆ ಬೆರಳಿಟ್ಟರು. "ಈ ಸಾಲಲ್ಲಿ ಯಾವ ಪದ ತೆಗೀಬೇಕು, ಅಲ್ಲಿ ಯಾವ ಪದ ಹಾಕಬೇಕು, ಯಾಕೆ. ಅಷ್ಟೇ. ಒಂದೇ ಪುಟ. ಕೊನೇ ದಿನ ನಾಳೆ. ಮುಂದಿನ ಗುರುವಾರ ಅಹವಾಲು ಸಭೆ. ಒಬ್ಬೊಬ್ಬರಿಗೆ ಮೂರು ನಿಮಿಷ. ನಿಮ್ಮ ಹೆಸರು ಬರ್ಕೊಳ್ಳಾ?"

"ನನ್ನಂಥೋರೂ ಮಾತಾಡಬಹುದಾ? ನಾನು ಇನ್ನೂ ಹಂಗಾಮಿ."

"ನಮ್ಮ ಅಧ್ಯಕ್ಷರೂ ಹಂಗಾಮೀನೇ" ಎಂದು ಗುಮಾಸ್ತೆ ಹೆಸರು ಬರೆದುಕೊಂಡರು.

ಗುರುವಾರ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಸದಸ್ಯರು, ಪಕ್ಕದಲ್ಲಿ ಇನ್‌ಸ್ಪೆಕ್ಟರು. ಹಿಂದೆ ಗೋಡೆಗೆ ಒರಗಿ ಹೊಗೆ ಯಂತ್ರದ ಹತ್ತು ಜನ ನಿಂತಿದ್ದರು. ದರ್ಜಿ ಅಂಗಡಿ ಮುಚ್ಚಿ ಬಂದಿದ್ದ. ಕೊನೆಯ ಕುರ್ಚಿಯಲ್ಲಿ, ತಾನು ಯಾರ ಪೈಕಿಯೂ ಅಲ್ಲವೆಂಬಂತೆ, ಮಾವ ಕೂತಿದ್ದರು.

ಡಾಕ್ಟ್ರು ಎದ್ದು ನಿಂತು ಎರಡು ಬೀದಿಯ ಲೆಕ್ಕ ಹೇಳಿದರು. ಆಮೇಲೆ ತಮ್ಮ ಮನೆಯ ಫ್ರಿಜ್ಜಿನ ತಟ್ಟೆಯ ಲೆಕ್ಕ ಹೇಳಿದರು. ನಲವತ್ತೊಂದು ಎಂದಾಗ ಯಾರೋ ಕಿಸಕ್ಕೆಂದರು. "ನಗಿ ಪರವಾಗಿಲ್ಲ. ಐದು ವರ್ಷ ಇದನ್ನೇ ಓದಿದವನ ಮನೇಲಿ ಇಷ್ಟಿದ್ರೆ, ಓದದೆ ಇರೋರ ಮನೇಲಿ ಎಷ್ಟಿರಬಹುದು ನೋಡಿ" ಎಂದರು. ನಗು ನಿಂತಿತು. ಕೆಲವರು ತಮ್ಮ ಮನೆಯ ಫ್ರಿಜ್ಜು ನೆನೆಸಿಕೊಂಡದ್ದು ಮುಖದಲ್ಲೇ ಕಾಣುತ್ತಿತ್ತು.

"ಇದೆಲ್ಲ ಇರಲಿ" ಎಂದರು ಅಧ್ಯಕ್ಷರು. "ಹೊಗೆಯಿಂದ ಪ್ರಯೋಜನ ಇಲ್ಲ ಅಂತ ಖಚಿತವಾಗಿ ಹೇಳ್ತೀರಾ? ಹೌದೋ ಅಲ್ಲವೋ, ಒಂದೇ ಮಾತು."

ಡಾಕ್ಟ್ರು ಕೈಯಲ್ಲಿದ್ದ ಕಾಗದ ಮಡಚಿದರು. "ಇಲ್ಲ, ಹೇಳಲಾರೆ. ಎರಡೇ ಬೀದಿ, ಹನ್ನೆರಡೇ ದಿನ. ಜ್ವರ ಹಬ್ಬಿದಾಗ ಹೊಗೆ ಬೇಕಾಗಲೂಬಹುದು. ಆದರೆ ನಿಂತ ನೀರು ಚೆಲ್ಲಿದರೆ ಅದರಲ್ಲಿರೋ ಮರಿ ಸಾಯುತ್ತೆ. ಇದು ಖಚಿತ. ನಿಯಮದಲ್ಲಿ ಅನುಮಾನ ಇರೋದನ್ನ ಕಡ್ಡಾಯ ಮಾಡಿದ್ದೀರಿ, ಖಚಿತವಾದದ್ದನ್ನ ಬಿಟ್ಟಿದ್ದೀರಿ. ನಾನು ಕೇಳೋದು 'ಕಡ್ಡಾಯವಾಗಿ' ತೆಗೆದು 'ಅಗತ್ಯವಿದ್ದಲ್ಲಿ' ಅಂತ ಹಾಕಿ, ಮನೆಮನೆಯ ನೀರು ನೋಡೋದನ್ನ ಸೇರಿಸಿ ಅಂತ ಅಷ್ಟೇ."

ಗಂಟೆ ಹೊಡೆಯಿತು. ಕೂರಬೇಕು ಎನ್ನುವಷ್ಟರಲ್ಲಿ ಹಿಂದಿನಿಂದ ಹೊಗೆ ಹಾಕುವವನು ಕೈ ಎತ್ತಿದ.

"ಸಾರ್, ಹೊಗೆ ನಿಂತ್ರೆ ನಾವು ಹತ್ತು ಜನ ಏನು ಮಾಡೋದು?"

ಸಭೆ ಡಾಕ್ಟ್ರ ಕಡೆ ತಿರುಗಿತು. ಹನ್ನೆರಡು ದಿನ ಬೆಳಿಗ್ಗೆ ಸಂಜೆ ಅವರು ಅವನ ಮುಖ ನೋಡಿದ್ದರು. ಈ ಪ್ರಶ್ನೆ ಒಂದು ಸಲವೂ ಅವರ ತಲೆಗೆ ಬಂದಿರಲಿಲ್ಲ.

"ನನಗೆ ಗೊತ್ತಿಲ್ಲ" ಎಂದರು. "ಇದನ್ನ ನಾನು ಯೋಚನೆ ಮಾಡಿರಲಿಲ್ಲ. ಮಾಡಬೇಕಿತ್ತು."

ಆಮೇಲೆ ದರ್ಜಿ ಎದ್ದು ನಿಂತ. ಅವನ ಹೆಸರು ಮಾತಾಡುವವರ ಪಟ್ಟಿಯಲ್ಲಿರಲಿಲ್ಲ. "ಈ ಯಪ್ಪನೇ ಸ್ವಾಮಿ ಡಾಕ್ಟ್ರ ಮನೇಲಿ ಮರಿ ಹಿಡಿದದ್ದು. ಟಾರ್ಚು ಬಿಟ್ಟ ಅರ್ಧ ನಿಮಿಷಕ್ಕೆ. ಇವರನ್ನ ನಮ್ಮ ಮನೆ ಒಳಕ್ಕೆ ಕಳಿಸಿ. ಹೊಗೆ ನೋಡಿ ಬರೋ ಧೈರ್ಯಕ್ಕಿಂತ ಅದೇ ನನಗೆ ಜಾಸ್ತಿ."

ಗುಮಾಸ್ತೆ ನಡಾವಳಿ ಪುಸ್ತಕದಲ್ಲಿ ಅದನ್ನೂ ಬರೆದುಕೊಂಡರು.

ಮೂರು ವಾರದ ಮೇಲೆ ನಿಯಮ ಹೊರಬಂತು. ಡಾಕ್ಟ್ರು ಕೇಳಿದ್ದರಲ್ಲಿ ಅರ್ಧ ಬಿದ್ದುಹೋಗಿತ್ತು. ಆದರೆ 'ಕಡ್ಡಾಯವಾಗಿ' ಇದ್ದಲ್ಲಿ 'ಅಗತ್ಯವಿದ್ದಲ್ಲಿ' ಇತ್ತು. ಅದರ ಕೆಳಗೆ ಮನೆಮನೆಯ ನೀರಿನ ತಪಾಸಣೆಗೆ ಹೊಗೆ ಯಂತ್ರದ ಸಿಬ್ಬಂದಿಯನ್ನೇ ಬಳಸತಕ್ಕದ್ದು ಎಂಬ ಹೊಸ ಸಾಲಿತ್ತು. ಪ್ರಯೋಗಾಲಯದಲ್ಲಿ ಪ್ರೊಫೆಸರರು, "ಎಲ್ಲಿ ಪ್ರಕಟ ಆಯ್ತು?" ಎಂದರು. "ಗೆಜೆಟ್ಟಿನಲ್ಲಿ ಸಾರ್." ಅವರು ಯೋಚಿಸಿ, ವಿಜ್ಞಾನ ಪತ್ರಿಕೆಗಳ ತೂಕಕ್ಕೆ ಹಾಕುವ ಅಂಕ ನೆನೆದು, "ಅದರ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು?" ಎಂದರು.

ಮಾವ ಮಾತ್ರ ಆ ಪುಟವನ್ನು ಕನ್ನಡಕ ಒರೆಸಿ ಒರೆಸಿ ಓದಿದರು. "ಒಂದೇ ಪದ ಮಾವ, ದೊಡ್ಡದೇನಲ್ಲ" ಎಂದು ಅಳಿಯ ಸಂಕೋಚಪಟ್ಟರೆ, "ನಿಮಗೇನು ಗೊತ್ತು ಅಳಿಯಂದ್ರೇ" ಎಂದು ಗದರಿದರು. "ಮೂವತ್ತನಾಲ್ಕು ವರ್ಷ ನಿಯಮ ಓದಿದವನು ನಾನು. 'ತಕ್ಕದ್ದು' ಇರೋ ಕಡೆ 'ಬಹುದು' ಹಾಕಿಸೋಕೆ ಜನ ಕೋರ್ಟು ಮೆಟ್ಟಿಲು ಸವೆಸ್ತಾರೆ." ಅಂದು ಸಂಜೆ ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆದರೂ ಅವರು ಆ ಒಂದು ಪದಕ್ಕೆ ಇನ್ನೊಂದು ಪದ ಸೇರಿಸಲಿಲ್ಲ ಎಂದು ನೋಡಿದವರು ಹೇಳುತ್ತಾರೆ.

ಹತ್ತು ಜನಕ್ಕೂ ತರಬೇತಿ ಕೊಡುವ ಕೆಲಸ ಡಾಕ್ಟ್ರ ಪಾಲಿಗೆ ಬಂತು. ಮೊದಲ ದಿನ ಅವರು ಬಣ್ಣದ ಚಿತ್ರ ಹಿಡಿದು, ಡ್ರಮ್ಮು, ಟಯರು, ಹೂಕುಂಡ, ಫ್ರಿಜ್ಜು ಎಂದು ಬೀದಿಯುದ್ದಕ್ಕೂ ವಿವರಿಸುತ್ತ ನಡೆದರು. ಹೊಗೆ ಹಾಕುವವನು ಹೂಂಗುಟ್ಟುತ್ತ ಬಂದವನು, ಒಂದು ಮನೆಯ ಕಬ್ಬಿಣದ ಗೇಟಿನ ಮುಂದೆ ನಿಂತ.

"ಇದು ಹೇಳಲಿಲ್ಲವಲ್ಲ ಸಾರ್."

"ಗೇಟಾ? ಗೇಟಲ್ಲಿ ನೀರೆಲ್ಲಿರುತ್ತೆ?"

ಅವನು ಗೇಟಿನ ಕೊಳವೆಯಂಥ ಕಂಬದ ತುದಿ ತೋರಿಸಿದ. ಮೇಲಿನ ಮುಚ್ಚಳ ಬಿದ್ದುಹೋಗಿ ಬಾಯಿ ತೆರೆದಿತ್ತು. ಒಂದು ತಂತಿಗೆ ಬಟ್ಟೆ ಸುತ್ತಿ ಒಳಗೆ ಇಳಿಸಿ ಮೇಲೆತ್ತಿದ. ಬಟ್ಟೆ ಒದ್ದೆಯಾಗಿತ್ತು. ಅದರ ಅಂಚಿನಲ್ಲಿ ಎರಡು ಮರಿಹುಳ ಕೊಂಕುತ್ತಿದ್ದವು. ಐದು ವರ್ಷದಲ್ಲಿ ಡಾಕ್ಟ್ರು ಗೇಟಿನ ಕಂಬದೊಳಗೆ ಇಣುಕಿರಲಿಲ್ಲ. ಅರವತ್ತಮೂರು ಗ್ರಂಥಕರ್ತರೂ ಇಣುಕಿದ ನೆನಪಾಗಲಿಲ್ಲ.

"ಇಂಥವು ಎಷ್ಟಿರಬಹುದು?" ಎಂದರು ಮೆಲ್ಲಗೆ.

"ಈ ಬೀದಿಯಲ್ಲಿ ಹದಿನೇಳು. ಊರಲ್ಲಿ ಎಣಿಸಬೇಕು. ಹೊಗೆ ಹಾಕುವಾಗ ಗೇಟು ಹಿಡ್ಕೊಂಡೇ ನಿಲ್ತಿದ್ವಲ್ಲ ಸಾರ್, ಮರಿ ದೊಡ್ಡದಾಗಿ ಅಲ್ಲಿಂದಲೇ ಹಾರೋದನ್ನ ನೋಡಿದ್ದೀನಿ." ತಂತಿ ಮಡಚಿ ಜೇಬಿಗೆ ಹಾಕಿಕೊಂಡು, ಸ್ವಲ್ಪ ಹಿಂಜರಿದು ಕೇಳಿದ. "ಇದೂ ನಿಯಮದಲ್ಲಿ ಸೇರುತ್ತಾ ಸಾರ್?"

"ಅರ್ಜಿ ಕೊಟ್ಟರೆ ಸೇರಬಹುದು."

"ಹಾಗಾದ್ರೆ ನೀವು ಕೊಡಿ."

"ನಾನಲ್ಲ. ಕಂಡುಹಿಡಿದದ್ದು ನೀವು. ನೀವು ಹೇಳಿ, ನಾನು ಬರೀತೀನಿ, ಕೆಳಗೆ ಸಹಿ ನಿಮ್ಮದು" ಎಂದು ಡಾಕ್ಟ್ರು ಬಣ್ಣದ ಚಿತ್ರವನ್ನು ತಿರುಗಿಸಿ, ಅದರ ಬಿಳಿ ಬೆನ್ನಿನ ಮೇಲೆ ಪೆನ್ನು ಇಟ್ಟರು.

ಅವನು ಮೂಗಿನ ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತ. ಬಹಳ ಹೊತ್ತು ಕಂಬವನ್ನೇ ನೋಡಿದ. ಒಂದು ಸಲ ಗಂಟಲು ಸರಿಮಾಡಿಕೊಂಡ.

"ಬರ್ಕೊಳ್ಳಿ ಸಾರ್" ಎಂದ. "ಮೊದಲನೇದಾಗಿ, ಗೇಟಿನ ಬಾಯಿ ಮುಚ್ಚತಕ್ಕದ್ದು."